ಅಪ್ಪ ಕಡಲಿಗೆ ಕಲ್ಲು ಎಸೆದ ಬೇಸಿಗೆ

ಮನೆಗೆಲ್ಲ ಒಂದೇ ಫೋನು, ಅದೂ ಗುಂಡಿ ಒತ್ತುವ ಫೋನು, ಅಪ್ಪನ ಅಂಗಿಯ ಕಿಸೆಯಲ್ಲಿ ಕುರಿಯ ವಾಸನೆ ಹೊಡೆಯುತ್ತ ಬಿದ್ದಿರುತ್ತಿದ್ದ ದಿನಗಳವು. ಮಾತು ಸರಿಯಾಗಿ ಕೇಳಬೇಕೆಂದರೆ ಊರಾಚೆಯ ಬಂಡೆ ಹತ್ತಬೇಕಿತ್ತು. ಆಗಿನ ಬೇಸಿಗೆ ರಜೆ ಹೇಗಿರುತ್ತಿತ್ತೆಂದು ನಿಮಗೂ ಗೊತ್ತು. ಬೇವಿನ ಮರದ ಕೆಳಗೆ ಕುಂಟಾಟ, ಹುಣಸೆ ಚಿಗುರಿಗೆ ಉಪ್ಪು ಖಾರ, ಹಿರಿಯರು ಮಲಗಿದರೆ ಸಾಕು, ಸದ್ದಿಲ್ಲದೆ ಬಿಸಿಲಿಗೆ ಪರಾರಿ. ನನ್ನ ಐದನೇ ಕ್ಲಾಸಿನ ರಜೆ ಮಾತ್ರ ಹಾಗೆ ಕಳೆಯಲಿಲ್ಲ. ಆ ರಜೆಯಲ್ಲಿ ನಾನು ಮತ್ತು ಅಪ್ಪ, ಅಂದರೆ ದೇವದುರ್ಗದ ಕಡೆಯ ಕುರಿ ಕಾಯುವ ಬೀರಪ್ಪ ಮತ್ತು ಅವನ ಮಗಳು ಮಾಳಿ, ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಹೋಗಿಬಂದೆವು. ಹೇಳಿದರೆ ಈಗಲೂ ಕೆಲವರು ನಂಬುವುದಿಲ್ಲ. ನಂಬದಿದ್ದರೆ ಅವರಿಗೇ ನಷ್ಟ.

ಇದಕ್ಕೆಲ್ಲ ಕಾರಣ ಹನುಮಂತ ಮಾವ, ಅವ್ವನ ಬೆನ್ನಿಗೆ ಬಿದ್ದ ತಮ್ಮ. ಅವ್ವನ ತವರು ಮಾನ್ವಿ ತಾಲೂಕಿನ ಕುರ್ಡಿ. ಮಾವ ಗೋಡೆ ಕಟ್ಟುವ ಗೌಂಡಿ ಕೆಲಸ ಕಲಿತು, ಯಾರೋ ಮೇಸ್ತ್ರಿಯ ಹಿಂದೆ ಅಂಡಮಾನಿಗೆ ಹೋದವನು ಅಲ್ಲೇ ಒಂದು ಸಣ್ಣ ದ್ವೀಪದಲ್ಲಿ ಕೆಲಸ ಹಿಡಿದು ನಿಂತುಬಿಟ್ಟಿದ್ದ. ಊರ ಕಡೆ ತಲೆ ಹಾಕದೆ ವರ್ಷಗಳೇ ಆಗಿದ್ದವು. ಅವ್ವ ಬಂಡೆಯ ಮೇಲೆ ನಿಂತು ಫೋನಿಗೆ ಬೈಯುವಳು, ಅಳುವಳು, ಮತ್ತೆ ಬೈಯುವಳು. ಆ ಕಡೆಯಿಂದ ಮಾವನದು ಒಂದೇ ಮಾತು.

"ಅಕ್ಕಾ, ನನಗ ರಜಾ ಕೊಡವಲ್ರು. ನೀವ ಬರ್ರಿ. ಮಾಳೀನ ಕರಕೊಂಡು ಬರ್ರಿ. ಇಲ್ಲಿ ಬಾಗ್ಲ ತೆಗದ್ರ ಸಮುದ್ರ ಅದ."

ಬಾಗಿಲು ತೆಗೆದರೆ ಸಮುದ್ರ! ನನಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ. ಕೂತಲ್ಲಿ ನಿಂತಲ್ಲಿ ಅಪ್ಪನ ಜೀವ ತಿಂದೆ. ಅವ್ವ ಹೊರಡುವಂತಿರಲಿಲ್ಲ, ಕುರಿ ಈಯುವ ಹೊತ್ತು, ಅಂಗಳದ ತುಂಬ ಎಳೆಮರಿಗಳು. ಅಪ್ಪನಿಗೋ ಹಿಂಡು ಬಿಟ್ಟು ಒಂದು ದಿನ ಎಲ್ಲಿಯೂ ಇದ್ದು ಗೊತ್ತಿಲ್ಲ. ಕೊನೆಗೆ ದೊಡ್ಡಪ್ಪನೇ, "ಲೇ ಬೀರ್ಯಾ, ಕುರಿ ನಾ ನೋಡ್ಕೋತೀನಿ. ಆ ಹುಡುಗಿ ಮಾರಿ ನೋಡಲೇ. ಹೋಗಿ ಬಾ," ಎಂದ. ಎರಡು ಟಗರು ರಾಯಚೂರಿನ ಸಂತೆ ಕಂಡವು. ನಮ್ಮ ಪ್ರಯಾಣ ಗಟ್ಟಿಯಾಯಿತು.

ಹೊಳೆ ದಂಡೆಯ ಹುಡುಗಿಗೆ ನೀರಿನ ಹುಚ್ಚೇಕೆ ಎಂದು ನೀವು ಕೇಳಬಹುದು. ನಮ್ಮೂರ ಮುಂದೆ ಕೃಷ್ಣೆ ಹರಿಯುತ್ತಾಳೆ, ನಿಜ. ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಬೇಸಿಗೆಯಲ್ಲಿ ನೀರು ಬಂಡೆಗಳ ನಡುವೆ ಮಡುಗಟ್ಟಿದಾಗ ಅವೂ ಅಲ್ಲಿಯೇ ಬಂದು ಸೇರುತ್ತವೆ. ದೊಡ್ಡಪ್ಪನ ಎಡಗಾಲಿನ ಮೀನಖಂಡ ಅರ್ಧ ಹೋದದ್ದು ಅಂಥ ಒಂದು ಮಡುವಿನಲ್ಲಿ. ಅಣ್ಣನ ಕೈ ಹಿಡಿದು ದಂಡೆಗೆ ಎಳೆದವನು ಅಪ್ಪ, ಆಗಿನ್ನೂ ಮೀಸೆ ಮೂಡದ ಹುಡುಗ. ಅದಾದ ಮೇಲೆ ಅಪ್ಪ ಹೊಳೆಗೆ ಇಳಿದವನೇ ಅಲ್ಲ. ಕುರಿಗಳಿಗೆ ನೀರು ಕುಡಿಸುವ ಮೊದಲು ಮಡುವಿಗೆ ಕಲ್ಲು ಎಸೆಯುವನು, ಬಡಿಗೆಯಿಂದ ನೀರು ಬಡಿಯುವನು, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತ ನಿಲ್ಲುವನು. ಆಮೇಲೆ, "ಈಗ ಬರ್ರಿ," ಎಂದು ಕುರಿಗಳನ್ನು ಕರೆಯುವನು, ನೆಂಟರನ್ನು ಊಟಕ್ಕೆ ಕರೆದ ಹಾಗೆ. ನಮ್ಮ ಜಳಕವೆಲ್ಲ ವರ್ತಿಯಲ್ಲಿ. ವರ್ತಿ ಎಂದರೆ ನೀರಂಚಿನಿಂದ ದೂರ, ಒಣ ಮರಳಿನಲ್ಲಿ ತೋಡಿದ ಗುಂಡಿ. ತೋಡುತ್ತ ಹೋದಂತೆ ತಳದಲ್ಲಿ ತಿಳಿನೀರು ಜಿನುಗಿ ನಿಲ್ಲುತ್ತದೆ. ಹೊಳೆಯ ನೀರಿಗಿಂತ ಸಿಹಿ, ಮೊಸಳೆಯ ಅಂಜಿಕೆಯೂ ಇಲ್ಲ. ಹೀಗಾಗಿ ಹತ್ತು ವರ್ಷ ಹೊಳೆ ದಂಡೆಯಲ್ಲಿ ಬೆಳೆದ ನಾನು ಪಾದ ಮುಳುಗುವಷ್ಟು ನೀರಿಗೂ ಇಳಿದವಳಲ್ಲ. ನನಗೆ ಬೇಕಿದ್ದದ್ದು ಒಂದೇ. ಕುತ್ತಿಗೆಯ ತನಕ ನೀರಿನಲ್ಲಿ ನಿಲ್ಲಬೇಕು, ಕೈಕಾಲು ಬಡಿಯಬೇಕು, ಸಾಕಾಗುವ ತನಕ ಮೇಲೆ ಬರಬಾರದು.

ಹೊರಡುವ ಬೆಳಿಗ್ಗೆ ಅವ್ವ ಆ ಆಸೆಗೆ ಕಲ್ಲು ಹಾಕಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ ಎಲ್ಲ ಗಂಟು ಕಟ್ಟಿ ಮುಗಿದ ಮೇಲೆ ಅಪ್ಪನ ಕರಿ ಕಂಬಳಿಯನ್ನು ಅಂಗಳದಲ್ಲಿ ಹಾಸಿದಳು. ಅದರ ಮೇಲೆ ಚಿಟಿಕೆ ಭಂಡಾರ, ಅಂದರೆ ದೇವರ ಅರಿಸಿನ, ಇಟ್ಟಳು.

"ಇದನ್ನ ಮುಟ್ಟಿ ಹೇಳ್ರಿ. ಮಗಳನ್ನ ನೀರಿಗೆ ಬಿಡಂಗಿಲ್ಲ ಅಂತ ಹೇಳ್ರಿ."

"ಯವ್ವಾ, ಬ್ಯಾಡಬೇ!" ಎಂದು ಕಿರುಚಿದೆ.

"ನೀ ಸುಮ್ಕಿರು. ನಿಮ್ಮ ದೊಡ್ಡಪ್ಪನ ಕಾಲು ನೋಡೀದಿಲ್ಲ?"

ನಮ್ಮವರಲ್ಲಿ ಕಂಬಳಿ ಮುಟ್ಟಿ ಆಡಿದ ಮಾತಿಗೆ ಎರಡನೆಯ ಮಾತಿಲ್ಲ. ಮದುವೆಯ ಮಾತುಕತೆ ಇರಲಿ, ಬದುವಿನ ಜಗಳ ಇರಲಿ, ಕಂಬಳಿ ಹಾಸಿ ಭಂಡಾರ ಇಟ್ಟರೆ ಅಲ್ಲಿಗೆ ಮುಗಿಯಿತು. ಅಪ್ಪ ಬಗ್ಗಿ ಕಂಬಳಿ ಮುಟ್ಟಿದ, "ಬಿಡಂಗಿಲ್ಲ," ಎಂದ. ನನ್ನ ಮುಖ ನೋಡಲಿಲ್ಲ. ಸಮುದ್ರಕ್ಕೆ ಹೊರಟವಳಿಗೆ ನೀರಿಲ್ಲ! ಹಬ್ಬದ ದಿನ ಹೋಳಿಗೆ ತೋರಿಸಿ ಬಾಯಿ ಕಟ್ಟಿದಂತಾಯಿತು.

ಆದರೆ ಬಸ್ಸು ಹೊರಟಿತು ನೋಡಿ, ಸಿಟ್ಟೆಲ್ಲ ಕಿಟಕಿಯಿಂದ ಹಾರಿ ಹೋಯಿತು. ದೇವದುರ್ಗದಲ್ಲಿ ಬಸ್ಸು ಬದಲಿಸಿದೆವು. ಕಲ್ಮಲದಲ್ಲಿ ಯಾರೋ ಅಪ್ಪನ ಗುರುತಿನವರು ಹತ್ತಿದರು. "ಎಲ್ಲಿಗಿ ಬೀರಪ್ಪಾ, ಕಂಬಳಿ ಗಿಂಬಳಿ ಹೊತ್ಕೊಂಡು?" ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು, "ಅಂಡಮಾನಿಗಿ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ. ಕಂಡಕ್ಟರ್ ಕೂಡ ತಿರುಗಿ ನೋಡಿದ. ಆ ಕ್ಷಣದ ಗತ್ತು ಆಮೇಲೆ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಬರಲಿಲ್ಲ.

ರಾಯಚೂರಿನಲ್ಲಿ ರೈಲು ಹತ್ತಿ ಚೆನ್ನೈಗೆ ಹೋದೆವು. ಅಲ್ಲಿಂದ ಹಡಗು. ಹಡಗೆಂದರೆ ದೋಣಿಯ ಅಣ್ಣ ಎಂದು ತಿಳಿದಿದ್ದೆ. ಅಲ್ಲಿ ನಿಂತದ್ದು ನಮ್ಮೂರಿಗಿಂತ ಎತ್ತರದ ಬಿಳಿ ಕಟ್ಟಡ. ಅದು ನೀರಿನ ಮೇಲೆ ಹೊರಟಿತು ಎಂದರೆ! ನಾನು ಮೇಲಿನ ಅಂಗಳದ ಕಂಬಿ ಹಿಡಿದು ಕುಣಿದೆ. ದಂಡೆ ಸಣ್ಣದಾಯಿತು, ಗೆರೆಯಾಯಿತು, ಇಲ್ಲವಾಯಿತು. ಅಪ್ಪ ಕಂಬಳಿ ಹೊದ್ದು, ಮೊಣಕಾಲ ನಡುವೆ ಬಡಿಗೆ ಇಟ್ಟುಕೊಂಡು ಮುಂದಿನ ದಂಡೆಗಾಗಿ ಕಾದು ಕೂತ. ಮರುದಿನವೂ ದಂಡೆ ಬರಲಿಲ್ಲ. ನಮ್ಮ ಕಡೆ ಎಲ್ಲರಿಗೂ ಒಂದಿಷ್ಟು ದಖ್ಖನಿ ಉರ್ದು ಬರುತ್ತದೆ. ಅಪ್ಪ ಹಡಗಿನವನೊಬ್ಬನನ್ನು ನಿಲ್ಲಿಸಿ, "ಭಾಯ್, ವೋ ದಂಡಿ ಕಬ್ ಆತಾ?" ಎಂದು ಕೇಳಿದ. ಅವನು ನಕ್ಕು, ಇದಕ್ಕೆ ಆಚೆ ದಂಡೆ ಇಲ್ಲ ಎಂದ.

"ದಂಡಿ ಇಲ್ಲಂದ್ರ ನೀರು ನಿಂದರೋದು ಹೆಂಗ?" ಎಂದು ಅಪ್ಪ ನನ್ನನ್ನು ಕೇಳಿದ. ಐದನೇ ಕ್ಲಾಸು ಪಾಸಾದವಳು ನಾನು. ಏನೋ ಒಂದು ಹೇಳಿದೆ. ಅಪ್ಪ ತಲೆದೂಗಿದ, ನಂಬಲಿಲ್ಲ.

ಹಡಗಿನಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡು ಮಲಗಿದ್ದರು. ನಾವಿಬ್ಬರೂ ರೊಟ್ಟಿ ಮುರಿದು, ಹಿಂಡಿಗೆ ಎಣ್ಣೆ ಕಲಸಿ, ಉಳ್ಳಾಗಡ್ಡಿ ಗುದ್ದಿ ಗಡದ್ದಾಗಿ ಉಂಡೆವು. ಶೇಂಗಾ ಹಿಂಡಿಯ ವಾಸನೆಗೆ ಪಕ್ಕದ ಬಂಗಾಳಿ ಅಜ್ಜಿ ಕೈ ಚಾಚಿದಳು. ಖಾರಕ್ಕೆ ಆಕೆಗೆ ಕಣ್ಣಲ್ಲಿ ನೀರು ಬಂತು, ಮತ್ತೆ ಕೈ ಚಾಚಿದಳು. ಮಾವನಿಗೆಂದು ಅವ್ವ ಕಟ್ಟಿದ್ದ ಗಂಟು ಮುಟ್ಟದಂತೆ ಅಪ್ಪ ಅದನ್ನು ತಲೆದಿಂಬು ಮಾಡಿಕೊಂಡ.

ಕೊನೆಗೆ ದ್ವೀಪ. ದೊಡ್ಡ ಹಡಗಿನಿಂದ ಇಳಿದು, ಸಣ್ಣ ಹಡಗು ಹತ್ತಿ, ಮತ್ತೆ ಇಳಿದಾಗ ಮಾವ ಹಡಗು ನಿಲ್ಲುವ ದಕ್ಕೆಯ ಮೇಲೆ ನಿಂತಿದ್ದ, ಕರ್ರಗೆ, ತೆಳ್ಳಗೆ, ಬಾಯಿ ತುಂಬ ನಗು. ಅಪ್ಪನ ಕಾಲು ಮುಟ್ಟಿದ, ನನ್ನನ್ನು ಎತ್ತಿ ತಿರುಗಿಸಿದ, ರೊಟ್ಟಿಯ ಗಂಟು ಮೂಸಿ ಅತ್ತೇಬಿಟ್ಟ. ಅವನ ಕೋಣೆಯ ಬಾಗಿಲು ತೆಗೆದೆ. ಮಾವ ಸುಳ್ಳು ಹೇಳಿರಲಿಲ್ಲ. ತೆಂಗಿನ ಮರಗಳು, ಅವುಗಳಾಚೆ ಹಿಟ್ಟಿನಂಥ ಬಿಳಿ ಮರಳು, ಅದರಾಚೆ ನೀರು. ಎಂಥ ನೀರು ಅಂತೀರಿ! ದಂಡೆಯಲ್ಲಿ ಹಸಿರು, ಸ್ವಲ್ಪ ಮುಂದೆ ನೀಲಿ, ಇನ್ನೂ ಮುಂದೆ ಮಸಿಯಂಥ ನೀಲಿ. ಗಾಳಿಗೆ ಉಪ್ಪು, ಹಸಿ ಮೀನು, ಕೊಳೆತ ಎಲೆ ಎಲ್ಲ ಸೇರಿದ ಒಂದು ವಾಸನೆ. ನಾನು ಚಪ್ಪಲಿ ಬಿಸಾಡಿ ಓಡಿದೆ.

"ಮಾಳೀ, ನಿಂದ್ರು!"

ಅಪ್ಪನ ಆ ದನಿಗೆ ನಮ್ಮ ಟಗರುಗಳು ಕೂಡ ನಿಲ್ಲುತ್ತಿದ್ದವು. ನಾನೂ ನಿಂತೆ. ಅಪ್ಪ ನನ್ನನ್ನು ದಾಟಿ ಮುಂದೆ ಹೋದ. ಮರಳಿನಲ್ಲಿ ಕಲ್ಲಿಗಾಗಿ ಹುಡುಕಿದ, ಕಲ್ಲಿರಲಿಲ್ಲ, ಸತ್ತ ಹವಳದ ತುಂಡುಗಳಿದ್ದವು. ಅವನ್ನೇ ಆಯ್ದು ಸಮುದ್ರಕ್ಕೆ ಎಸೆದ. ಬಡಿಗೆಯಿಂದ ತೆರೆಗಳನ್ನು ಬಡಿದ. ಒಂದು ತೆರೆ ಬಡಿಯುವಷ್ಟರಲ್ಲಿ ಇನ್ನೊಂದು ಬಂತು, ಅದನ್ನೂ ಬಡಿದ. ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಸಮುದ್ರದ ತುಂಬ ಗುಳ್ಳೆ! ಅಪ್ಪ ಕಂಗಾಲಾಗಿ ಹಿಂದೆ ಸರಿದ.

ಅಷ್ಟರಲ್ಲಿ ದೂರದಲ್ಲಿ ಕಪ್ಪಗೆ ಏನೋ ಮುಳುಗಿ ಎದ್ದಿತು. "ಮೊಸಳಿ!" ಎಂದು ಅಪ್ಪ ಬಡಿಗೆ ಎತ್ತಿದ. ಈಜುತ್ತಿದ್ದ ಪ್ರವಾಸಿಗಳು ತಿರುಗಿ ನೋಡಿದರು. ಅದು ತೇಲಿ ತೇಲಿ ಅಪ್ಪನ ಕಾಲ ಬಳಿಯೇ ಬಂದು ಬಿತ್ತು. ತೆಂಗಿನಕಾಯಿ. ಮಾವ ಹೊಟ್ಟೆ ಹಿಡಿದು ನಕ್ಕ. ನಗುವ ಭರದಲ್ಲಿ ಆಡಬಾರದ ಮಾತು ಆಡಿದ.

"ಭಾವಾ, ಮೊಸಳಿ ಇಲ್ಲಿ ಬರಲ್ಲ. ಅವು ಆ ಕಡಿ ಖಾಡಿಯೊಳಗ ಅದಾವ."

"ಅದಾವ?" ಎಂದ ಅಪ್ಪ.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಮಾವ ಎಷ್ಟು ಹೇಳಿದರೂ ಕೇಳಲಿಲ್ಲ ಅಪ್ಪ. ಕಾಡಿನೊಳಗೆ ಹೊಕ್ಕ ಆ ಖಾಡಿಯ ಹಿನ್ನೀರಿಗೂ ಸಮುದ್ರಕ್ಕೂ ನಡುವೆ ಗೋಡೆ ಕಟ್ಟಿದ್ದಾರೆಯೇ ಎಂದು ಅವನ ಪ್ರಶ್ನೆ. ಗೌಂಡಿ ಮಾವ ಏನು ಹೇಳಬೇಕು?

ಆಮೇಲಿನ ದಿನಗಳೂ ಸುಮ್ಮನೆ ಕಳೆಯಲಿಲ್ಲ, ಅದನ್ನೂ ಹೇಳಬೇಕು. ಕಪ್ಪೆಚಿಪ್ಪು ಆಯ್ದು ಲಂಗದ ತುಂಬ ತುಂಬಿದೆ. ಅಡ್ಡಡ್ಡ ಓಡುವ ಏಡಿಗಳನ್ನು ಅಪ್ಪ, "ಹೇ ಹೇ ಹುರ್ರ್," ಎಂದು ಕುರಿ ತಿರುಗಿಸಿದಂತೆ ತಿರುಗಿಸಿ ಕೊಡುತ್ತಿದ್ದ, ನಾನು ಹಿಡಿಯುತ್ತಿದ್ದೆ. ಎಳನೀರು ಕುಡಿದು ಕುಡಿದು ಹೊಟ್ಟೆ ಡಬ್ಬಿಯಾಯಿತು. ಮಾವ ಮೀನು ಹುರಿದು ಅವ್ವನ ಖಡಕ್ ರೊಟ್ಟಿಯ ಜೊತೆ ಕೊಟ್ಟ. ಆ ಜೋಡಿಯನ್ನು ನೀವು ತಿಂದಿರಲಿಕ್ಕಿಲ್ಲ, ತಿಂದು ನೋಡಿ. ಅಪ್ಪನೂ ಬದಲಾಗುತ್ತಿದ್ದ. ಊರಲ್ಲಿ ದಿನಕ್ಕೆ ನಾಲ್ಕು ಮಾತಾಡುವವನು ಅಲ್ಲಿ ತೆಂಗಿನ ಬುಡಕ್ಕೆ ಒರಗಿ ನನಗೆ ತನ್ನ ಹುಡುಗಾಟಿಕೆಯನ್ನೆಲ್ಲ ಹೇಳಿದ. ಒಂದು ಕಾಲಕ್ಕೆ ಅವನು ಊರಿಗೇ ಒಳ್ಳೆ ಈಜುಗಾರನಂತೆ. ಕೃಷ್ಣೆಯನ್ನು ಒಂದೇ ಉಸಿರಿಗೆ ಅರ್ಧ ದಾಟುತ್ತಿದ್ದನಂತೆ. ಹೇಳುವಾಗ ಅವನ ಕಣ್ಣು ನೀರಿನ ಮೇಲೇ ಇತ್ತು. ನನ್ನ ಕಣ್ಣೂ ಅಲ್ಲೇ ಇತ್ತು. ತೆರೆಗಳು ಬಂದು ನನ್ನ ಹೆಬ್ಬೆರಳ ಹತ್ತಿರ ನಿಂತು ಹಿಂದೆ ಹೋಗುತ್ತಿದ್ದವು. ಮುಟ್ಟಿದರೆ ಅಪ್ಪನ ಮಾತು ಕೆಡುತ್ತದೆಂದು ನಾನೇ ಕಾಲು ಹಿಂದೆ ಎಳೆದುಕೊಳ್ಳುತ್ತಿದ್ದೆ. ನಾನು ಅಷ್ಟು ಒಳ್ಳೆಯ ಹುಡುಗಿಯಾಗಿ ಇದ್ದದ್ದು ಅದೇ ಮೊದಲು, ಅದೇ ಕೊನೆ.

ನಾಳೆ ಹೊರಡಬೇಕು ಎನ್ನುವ ದಿನ ನನ್ನ ಒಳ್ಳೆಯತನ ಮುಗಿದುಹೋಯಿತು. ಮರಳಿನ ಮೇಲೆ ಬೋರಲು ಬಿದ್ದು ಅತ್ತೆ.

"ನಾಳಿಗಿ ಹೋಗಾಕ ಬೇಕು. ಸಾಲಿಯಾಗ ಕೇಳಿದ್ರ ನಾ ಏನು ಹೇಳ್ಲಿ? ಸಮುದ್ರದ ಮುಂದ ಕುಂತು ಎದ್ದು ಬಂದೆ ಅಂತ ಹೇಳ್ಲೇನು?"

ಅಪ್ಪ ಕಂಬಳಿಯನ್ನು ಹೆಗಲಿಂದ ತೆಗೆದು ಮಡಚಿ ಮರಳಿನ ಮೇಲಿಟ್ಟ. ಮಾವನ ಬುಟ್ಟಿ, ಕರಣಿ ಎರಡನ್ನೂ ತಂದ.

"ಏಳವ್ವ. ನಿನಗ ಸಮುದ್ರ ಬೇಕಲ್ಲ? ಇಲ್ಲೇ ತರ್ತೀನಿ."

ಅಪ್ಪ ವರ್ತಿ ತೋಡಲು ಶುರುಮಾಡಿದ! ಅಂದು ನೀರು ಬಹಳ ಹಿಂದೆ ಸರಿದು ಉದ್ದಕ್ಕೆ ಮರಳು ಬಿಟ್ಟಿತ್ತು. ಅಪ್ಪ ಆ ಮರಳಿನ ನಟ್ಟನಡುವೆ ಜಾಗ ಆರಿಸಿದ. ಕರಣಿ ಹಿಡಿದು ಅವನು ತೋಡಿದ, ಬುಟ್ಟಿ ತುಂಬಿ ನಾನು ಎಳೆದು ಸುತ್ತಲೂ ಏರಿಯಂತೆ ಸುರಿದೆ. ನನ್ನ ಅಳು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಮೊಣಕಾಲುದ್ದ ಹೋಗುವಷ್ಟರಲ್ಲಿ ತಳದಲ್ಲಿ ನೀರು ಜಿನುಗಿತು. ಅಪ್ಪ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡ, "ಥೂ! ಉಪ್ಪು!" ಎಂದು ಉಗುಳಿದ.

"ಸಮುದ್ರ ಉಪ್ಪ ಇರ್ತದ ಯಪ್ಪಾ."

"ಅದು ಗೊತ್ತದ. ವರ್ತಿ ನೀರು ಯಾಕ ಉಪ್ಪು?" ಎಂದು ಅವನು ಇನ್ನಷ್ಟು ಆಳಕ್ಕೆ ತೋಡಿದ. ಕೆಳಗೆ ಹೋದರೆ ಸಿಹಿ ಸಿಗುತ್ತದೆಂಬ ನಂಬಿಕೆ. ಸಿಹಿ ಸಿಗಲಿಲ್ಲ, ಆದರೆ ಗುಂಡಿ ಭರ್ಜರಿಯಾಯಿತು. ನಾನು ಧುಮುಕಿದೆ. ಸೊಂಟದ ತನಕ ನೀರು! ನೋಡುತ್ತಿದ್ದ ಪ್ರವಾಸಿಗಳ ಮಕ್ಕಳೂ ಓಡಿ ಬಂದು ಧುಮುಕಿದರು. ಎದುರಿಗೆ ಇಡೀ ಸಮುದ್ರ ಬಿದ್ದಿರುವಾಗ ಮಕ್ಕಳೆಲ್ಲ ಒಂದು ಗುಂಡಿಗೆ ಮುತ್ತಿದ್ದನ್ನು ಕಂಡು ದೊಡ್ಡವರು ಫೋಟೊ ತೆಗೆದರು. ಅಪ್ಪ ಏರಿಯ ಮೇಲೆ ಬಡಿಗೆ ಊರಿ ನಿಂತ, ಹಿಂಡು ಕಾಯುವ ಹಾಗೆ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ನೀರು ಎರಚುವ ನಡುವೆ ಆಚೆಯ ಆ ದೊಡ್ಡ ಸದ್ದು ಕೇಳಿದಾಗೆಲ್ಲ ನನ್ನ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಪ್ಪ ಒಮ್ಮೆಲೆ ಸೆಟೆದು ನಿಂತ. ದೂರ ಇದ್ದ ನೀರು ಹತ್ತಿರ ಬಂದಿತ್ತು. ನೋಡುತ್ತಿದ್ದಂತೆಯೇ ಒಂದು ತೆರೆ ಮರಳನ್ನು ದಾಟಿ ವರ್ತಿಯ ಏರಿಯನ್ನು ನೆಕ್ಕಿತು. ಅಪ್ಪನ ಮುಖದ ಬಣ್ಣ ಹೋಯಿತು. ನಮ್ಮ ಹೊಳೆಯಲ್ಲಿ ಮಳೆಯಿಲ್ಲದ ದಿನ ನೀರು ಹೀಗೆ ಏರಿದರೆ ಅದಕ್ಕೆ ಒಂದೇ ಅರ್ಥ. ನಡುಗಡ್ಡೆಯಲ್ಲಿ ಕುರಿ ಮೇಯಿಸುವವರು ಆ ಅರ್ಥ ಗೊತ್ತಿದ್ದರಷ್ಟೇ ಬದುಕುತ್ತಾರೆ.

"ಡ್ಯಾಮಿನ ನೀರು ಬಿಟ್ಟಾರ! ಡ್ಯಾಮಿನ ನೀರು ಬಿಟ್ಟಾರ್ರೋ! ಏಳ್ರಿ! ಮ್ಯಾಲ ಓಡ್ರಿ!"

ಒಂದು ಕಂಕುಳಲ್ಲಿ ನಾನು, ಇನ್ನೊಂದರಲ್ಲಿ ಯಾರದೋ ಗುಂಡು ಹುಡುಗ. ಅಪ್ಪ ದಿಬ್ಬದ ಕಡೆ ಓಡಿದ. ಓಡುತ್ತಲೇ ಬಿಸಿಲು ಕಾಯುತ್ತ ಮಲಗಿದವರನ್ನೆಲ್ಲ ಕನ್ನಡದಲ್ಲಿ ಎಬ್ಬಿಸಿದ. ಮಾತು ತಿಳಿಯದಿದ್ದರೂ ಆ ಗಂಟಲು ತಿಳಿಯಿತು, ಐದಾರು ಜನ ಎದ್ದು ಓಡಿಯೇ ಬಿಟ್ಟರು. ಗುಂಡು ಹುಡುಗನ ತಾಯಿ ಅರಚುತ್ತ ನಮ್ಮ ಹಿಂದೆ. ಚಹಾ ಅಂಗಡಿಯಿಂದ ಮಾವ ಲೋಟ ಹಿಡಿದುಕೊಂಡೇ ಬಂದ.

"ಭಾವಾ! ಭಾವಾ, ನಿಂದ್ರು! ಇಲ್ಲಿ ಯಾವ ಡ್ಯಾಮೂ ಇಲ್ಲ!"

"ಮತ್ತ ನೀರು ಯಾರು ಬಿಟ್ರು?"

"ಯಾರೂ ಬಿಟ್ಟಿಲ್ಲ. ದಿನಾ ಹಿಂಗ ತಾನ ಬರ್ತದ, ತಾನ ಹೋಗ್ತದ. ಇದು ಭರತ."

ಹಿಂದಿಯಲ್ಲೂ ಮಾವ ಎಲ್ಲರಿಗೂ ಅದನ್ನೇ ಹೇಳಿದ. ದಂಡೆ ತುಂಬ ನಗು ಎದ್ದಿತು. ಗುಂಡು ಹುಡುಗ ಇನ್ನೊಮ್ಮೆ ಹೊತ್ತುಕೊಂಡು ಓಡು ಎಂದು ಅಪ್ಪನಿಗೆ ಗಂಟು ಬಿದ್ದ. ಚಹಾ ಅಂಗಡಿಯ ಮುದುಕಿ ಮಾತ್ರ ನಗಲಿಲ್ಲ. ಕೆಲವು ವರ್ಷಗಳ ಹಿಂದೆ ಸಮುದ್ರ ನಿಜವಾಗಿಯೇ ಏರಿ ಬಂದದ್ದನ್ನು ಕಂಡವಳು ಅವಳು. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬಂದು, ಅಪ್ಪನ ಬೆನ್ನು ತಟ್ಟಿ ಒಂದು ಲೋಟ ಚಹಾ ಕೊಟ್ಟು ಹೋದಳು.

ಆಗ ನಾನು ನೋಡಿದೆ. ನಮ್ಮ ವರ್ತಿ ಇದ್ದ ಜಾಗದಲ್ಲಿ ವರ್ತಿಯೇ ಇರಲಿಲ್ಲ. ಏರಿಯ ಪಕ್ಕದಲ್ಲಿಟ್ಟಿದ್ದ ಕಂಬಳಿ ಮಡಿಕೆ ಬಿಚ್ಚಿಕೊಂಡು ನೀರಿನ ಮೇಲೆ ಕರ್ರಗೆ ಹರಡಿ ಆಚೆ ಹೊರಟಿತ್ತು.

"ಯಪ್ಪಾ, ಕಂಬಳಿ!"

ಅಪ್ಪ ಲೋಟ ಬಿಟ್ಟು ಓಡಿದ. ನೀರಂಚಿಗೆ ಬಂದು ಗಕ್ಕನೆ ನಿಂತ. ಬಡಿಗೆ ಎತ್ತಿದ, ತೆರೆಗಳನ್ನು ನೋಡಿದ, ಕಂಬಳಿಯನ್ನು ನೋಡಿದ. ಅದು ಅವನಪ್ಪನ ಕಾಲದ ಕಂಬಳಿ, ಅವನಿಗೆ ಮಳೆ ಬಿಸಿಲಿನ ಮನೆ. ಬಡಿಗೆಯನ್ನು ಮರಳಿಗೆ ಬಿಸಾಕಿ ಅಪ್ಪ ಸಮುದ್ರಕ್ಕೆ ನುಗ್ಗಿದ. ಮೊಣಕಾಲು, ಸೊಂಟ, ಎದೆ. ದೊಡ್ಡ ತೆರೆಯೊಂದು ಬಂದು ಅವನ ತಲೆಯ ಮೇಲೆ ಬಿತ್ತು. ಅಪ್ಪ ಕಾಣಲಿಲ್ಲ. ನನ್ನ ಕಿರುಚಾಟಕ್ಕೆ ಇಡೀ ದಂಡೆ ನಿಂತು ನೋಡಿತು.

ಆಮೇಲೆ ಅವನು ಎದ್ದ. ತಲೆಯ ಮೇಲೆ ಕಂಬಳಿ, ಮೀಸೆಯಿಂದ ಸುರಿಯುವ ನೀರು, ಕೆಮ್ಮು. ಕೆಮ್ಮಿನ ನಡುವೆ ನಗು. ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇನ್ನೊಂದು ತೆರೆ ಬಂತು. ಈ ಸಲ ಅವನು ಹಾರಿ ಅದರ ಮೇಲೇರಿದ, ಎರಡು ಕೈ ಬೀಸಿ ಈಜಿದ. ಕೃಷ್ಣೆಯನ್ನು ಅರ್ಧ ದಾಟುತ್ತಿದ್ದ ಹುಡುಗ ಅಷ್ಟು ವರ್ಷ ಅವನೊಳಗೇ ಕೂತಿದ್ದ.

ನಾನು ನೀರಂಚಿನಲ್ಲಿ ನಿಂತಿದ್ದೆ, ಹೆಬ್ಬೆರಳನ್ನು ಒಣ ಮರಳಿಗೆ ಒತ್ತಿಕೊಂಡು. ಏನೂ ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆ. ಅಪ್ಪ ಸೊಂಟದುದ್ದ ನೀರಿಗೆ ಬಂದು ನಿಂತು ನನ್ನನ್ನೇ ನೋಡಿದ. ಕೈಯಲ್ಲಿದ್ದ ಕಂಬಳಿಯನ್ನು ನೋಡಿದ. ಅವ್ವನಿಗೆ ಕೊಟ್ಟ ಮಾತು ಆ ಕಂಬಳಿಯ ಮೇಲಿತ್ತು.

"ನಿಮ್ಮವ್ವನ ಮುಂದ ನಾನ ಹೇಳ್ತೀನಿ," ಎಂದ. "ಮಾತು ಮುರದೀನಿ ಅಂತ ನಾನ ಹೇಳ್ತೀನಿ. ನೀ ಏನೂ ಹೇಳಬ್ಯಾಡ."

ಮೇಲೆ ಬಂದು ಒದ್ದೆ ಕಂಬಳಿಯ ಒಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡ. ಅಷ್ಟಾದ ಮೇಲೂ, ತಾನೇ ಈಜಾಡಿ ಬಂದ ನೀರಿಗೆ ಹವಳದ ತುಂಡು ಎಸೆಯುವುದನ್ನು ಬಿಡಲಿಲ್ಲ. ಎಸೆದ, ಕಾದ, ನೋಡಿದ.

"ಈಗ ಬಾ."

ಮೊದಲ ತೆರೆ ನನ್ನನ್ನು ಕೆಡವಿತು. ಮೂಗು, ಬಾಯಿ, ಕಿವಿ ಎಲ್ಲ ಉಪ್ಪು. ಎದ್ದೆ, ಎರಡನೆಯದು ಕೆಡವಿತು. ನಾನು ಕೂಗುತ್ತಿದ್ದೆ, ನಗುತ್ತಿದ್ದೆ, ಅಪ್ಪನಿಗೆ ಜೋತು ಬೀಳುತ್ತಿದ್ದೆ, ಬಿಡಿಸಿಕೊಂಡು ಮತ್ತೆ ಹೋಗುತ್ತಿದ್ದೆ. ಕಾಲ ಕೆಳಗಿನ ಮರಳು ಸರಸರ ಜಾರಿದರೆ ಕಚಗುಳಿ ಇಟ್ಟಂತೆ. ಕುತ್ತಿಗೆಯ ತನಕ ನೀರಿನಲ್ಲಿ ನಿಂತೆ. ನಿಂತು ಊರಿಗೆ ಕೇಳುವಂತೆ ಕಿರುಚಿದೆ. ಕಂಬಳಿ ನಮ್ಮಿಬ್ಬರ ನಡುವೆ ಉಬ್ಬಿ ತೇಲುತ್ತಿತ್ತು. ನಾನು ಸ್ವಲ್ಪ ದೂರ ಹೋದರೆ ಸೊಂಟದಲ್ಲಿ ಒಂದು ಸಣ್ಣ ಎಳೆತ. ತಿರುಗಿದರೆ ಅಪ್ಪ, ಕಣ್ಣು ನನ್ನ ಮೇಲೆ. ಬೆರಳು ಸುಕ್ಕಾಗಿ, ತುಟಿ ನೀಲಿಯಾಗಿ, ಸೂರ್ಯ ತೆಂಗಿನ ಹಿಂದೆ ಹೋಗುವ ತನಕ ನಾವು ಮೇಲೆ ಬರಲಿಲ್ಲ.

ಊರಿಗೆ ಬಂದಾಗ ಅವ್ವ ಅಂಗಳದಲ್ಲಿ ಮರಿಗೆ ಹಾಲು ಕುಡಿಸುತ್ತಿದ್ದಳು. ಅಪ್ಪ ಗಂಟು ಇಳಿಸುವ ಮೊದಲೇ, ನಿಂತುಕೊಂಡೇ ಹೇಳಿದ.

"ಬಿಟ್ಟೆ. ಮಗಳನ್ನ ನೀರಿಗೆ ಬಿಟ್ಟೆ. ತಪ್ಪಾತು."

ಅವ್ವ ನನ್ನನ್ನು ಹತ್ತಿರ ಎಳೆದು ಕಾಲು, ಕೈ, ಬೆನ್ನು ತಡವಿ ನೋಡಿದಳು. ಎಲ್ಲ ಇದ್ದವು. ಆಮೇಲೆ ಕಂಬಳಿ ಬಿಚ್ಚಿದಳು. ಒಣಗಿದ ಉಪ್ಪು ಅದರ ಮೇಲೆ ಬಿಳಿ ಗೆರೆಗಳಾಗಿ ನಿಂತಿತ್ತು. ತಪ್ಪಿಗೆ ಕಂಬಳಿ ತೊಳೆದು ದೇವರ ಮುಂದೆ ಹಾಸಬೇಕು, ನಾಲ್ಕು ಮನೆಯವರಿಗೆ ಊಟ ಹಾಕಬೇಕು, ಅದು ನಮ್ಮ ಪದ್ಧತಿ. ಅಪ್ಪ ತೊಳೆಯಲು ಕೈ ಚಾಚಿದ. ಅವ್ವ ಕೊಡಲಿಲ್ಲ. ಅದರ ಒಂದು ಚುಂಗನ್ನು ನಾಲಿಗೆಗೆ ಮುಟ್ಟಿಸಿದಳು.

"ಅಯ್ಯೋ ಶಿವನ," ಎಂದಳು. "ಕರೇನ ಉಪ್ಪು!" ಮತ್ತೊಮ್ಮೆ ಮುಟ್ಟಿಸಿದಳು. ಆಮೇಲೆ ಮೆಲ್ಲಗೆ, "ಇನ್ನೊಂದು ಸಲ ಹೋದ್ರ ನನ್ನೂ ಕರಕೊಂಡು ಹೋಗ್ರಿ," ಎಂದಳು.

"ಬರೋ ವರ್ಷ," ಎಂದ ಅಪ್ಪ. ಊಟ ಮಾತ್ರ ಹಾಕಿದೆವು. ಬಂದವರಿಗೆಲ್ಲ ನಾನು ಡ್ಯಾಮಿನ ನೀರಿನ ಕಥೆ ಹೇಳಿದೆ, ಅಪ್ಪನೇ ಎಲ್ಲರಿಗಿಂತ ಹೆಚ್ಚು ನಕ್ಕ.

ಆ ಬರೋ ವರ್ಷ ಬರಲಿಲ್ಲ. ಒಂದು ವರ್ಷ ಕುರಿಗಳಿಗೆ ರೋಗ, ಇನ್ನೊಂದು ವರ್ಷ ದೊಡ್ಡಪ್ಪ ಹಾಸಿಗೆ ಹಿಡಿದ, ಮತ್ತೊಂದು ವರ್ಷ ನನ್ನ ಮದುವೆ. ಆಮೇಲೆ ಅಪ್ಪನೇ ಹೋಗಿಬಿಟ್ಟ. ಹಿಂಡು ಮಾರಿದೆವು. ಈಗ ನಮ್ಮೂರ ಹೊಳೆಯ ದಂಡೆಯಲ್ಲಿ ವರ್ತಿ ತೋಡಲು ಮರಳೇ ಉಳಿದಿಲ್ಲ, ಲಾರಿಗಳು ಹೊತ್ತು ಮುಗಿಸಿವೆ. ಕಂಬಳಿ ನೇಯುವ ಮಗ್ಗದ ಸದ್ದು ನಿಂತು ಎಷ್ಟೋ ಕಾಲವಾಯಿತು. ನಾನು ರಾಯಚೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ, ರಜೆಯಲ್ಲಿ ಸಮುದ್ರಕ್ಕೂ ಹೋಗುತ್ತೇನೆ. ಹೋದಾಗೆಲ್ಲ ಸೀದಾ ನೀರಿಗೆ ಇಳಿಯುತ್ತೇನೆ, ನಿಲ್ಲು ಎನ್ನುವವರಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸೊಂಟದಲ್ಲಿ ಆ ಎಳೆತ ಬರುತ್ತದೆಂದು ಈಗಲೂ ಕಾಯುತ್ತೇನೆ. ಬರುವುದಿಲ್ಲ, ಆಗ ನನಗೆ ಅಪ್ಪ ತುಂಬ ಬೇಕೆನಿಸುತ್ತದೆ.

ಹೋದ ಚಳಿಗಾಲದಲ್ಲಿ ಅವ್ವನನ್ನೂ ನನ್ನ ಮಗಳನ್ನೂ ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆ. ಅವ್ವ ಸಮುದ್ರ ನೋಡಿದ್ದು ಅದೇ ಮೊದಲು. ಮರಳಿನ ಮೇಲೆ ನಿಂತಳು, ಹೆಗಲ ಮೇಲೆ ಅದೇ ಕಂಬಳಿ. ನನ್ನ ಮಗಳು ಚಪ್ಪಲಿ ಬಿಸಾಡಿ ನೀರಿನ ಕಡೆ ಓಡಿದಳು.

"ನಿಂದ್ರು!" ಎಂದಳು ಅವ್ವ.

ಮಗಳು ನಿಂತಳು. ಅವ್ವ ಮರಳಿನಲ್ಲಿ ತಡಕಾಡಿ ಒಂದು ಕಲ್ಲು ಹುಡುಕಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಸೆದಳು. ಕಲ್ಲು ತೀರ ಹತ್ತಿರವೇ ಬಿತ್ತು. ಅವ್ವ ಆ ಜಾಗವನ್ನೇ ನೋಡುತ್ತ ಕಾದಳು.

"ಯಾಕ ಹೊಡದಿ ಅಜ್ಜೀ?" ಎಂದು ಮಗಳು ಕೇಳಿದಳು.

"ನಿಮ್ಮಜ್ಜ ಇದ್ದಿದ್ರ ಅಂವ ಹೊಡೀತಿದ್ದ," ಎಂದಳು ಅವ್ವ. "ಈಗ ಹೋಗು."